ದಿನಾ ಅಮಾಸಿ

ಜನವರಿ 5, ಸೋಮವಾರ. ಮಧ್ಯಾಹ್ನ 3

ಹಾಸ್ಟೆಲಿನಲ್ಲಿ ಇವತ್ತು ಮುನ್ನೂರು ರೊಟ್ಟಿ. ನಾವು ಮೂವರು ಹೆಂಗಸರು, ನಾನೇ ಹೊಸಬಳು. ಭುಜ ಎತ್ತಲು ಆಗುತ್ತಿಲ್ಲ. ದೊಡ್ಡ ಮಗಳು ಕಾವ್ಯಾಳ ಹೋದ ವರ್ಷದ ನೋಟ್‌ಬುಕ್ಕಿನಲ್ಲಿ ಹಾಳೆ ಉಳಿದಿದ್ದವು. ಅದರಲ್ಲೇ ಬರೆಯುತ್ತಿದ್ದೇನೆ. ಬನಹಟ್ಟಿಯಲ್ಲಿ ಬರೆಯುವ ರೂಢಿ ಇರಲಿಲ್ಲ. ಮಾತಾಡಲು ಅವರಿದ್ದರು.

ನಿನ್ನೆ ಜಮಖಂಡಿಗೆ ಸಾಮಾನು ಬಂದವು. ಎರಡು ಟ್ರಂಕು, ಗ್ಯಾಸು, ಹಾಸಿಗೆ ಸುರುಳಿ. ಟೆಂಪೋ ಅರ್ಧವೂ ತುಂಬಲಿಲ್ಲ. ಅಣ್ಣ ಧರ್ಮರಾಜ ಮಹಾಲಿಂಗಪುರದಿಂದ ಬಂದು ಇಳಿಸಿಕೊಟ್ಟು ಸಂಜೆ ಬಸ್ಸಿಗೆ ಹೋದ. ಬನಹಟ್ಟಿಯ ಮನೆ ನಮ್ಮದಾಗಿರಲಿಲ್ಲ. ಮಗ್ಗ ನಡೆಸುವವರಿಗೆ ಮಾಲಕರು ಕೊಡುವ ಮನೆ. ಈಗ ಮಗ್ಗ ನಡೆಸುವವನು ಗೂಳಪ್ಪ, ಮನೆಯೂ ಅವನದೇ.

ಬೆಳಿಗ್ಗೆ ಸಣ್ಣಾಕಿ ಶಂಕ್ರಿ ಎದ್ದವಳು ಹಾಸಿಗೆಯಲ್ಲೇ ಕೂತು ಕಿವಿಗೊಟ್ಟಳು.

“ಅವ್ವಾ, ಇವತ್ತ ಅಮಾಸಿ ಏನ?”

ಹೊತ್ತಾಗಿತ್ತು. ಹೂಂ ಅಂದುಬಿಟ್ಟೆ.

ನಾಲ್ಕೂವರೆ ವರ್ಷ ಅವಳಿಗೆ. ಹುಟ್ಟಿದಾಗಿನಿಂದ ಗೋಡೆಯಾಚೆ ಪವರ್‌ಲೂಮಿನ ಸದ್ದು. ಕರೆಂಟು ಹೋದರೆ ಒಂದಿಷ್ಟು ಹೊತ್ತು ನಿಲ್ಲುತ್ತಿತ್ತು. ಇಡೀ ದಿನ ನಿಲ್ಲುವುದು ಅಂದರೆ ಅಮಾವಾಸ್ಯೆ. ಮಗ್ಗಕ್ಕೆ ಪೂಜೆ, ಕೆಲಸಕ್ಕೆ ಸೂಟಿ. ಆ ದಿನ ಅಪ್ಪ ಮನೆಯಲ್ಲಿ. ಇಲ್ಲಿ ಸದ್ದೇ ಇಲ್ಲ. ಅಮಾಸಿ ಅಂದುಕೊಂಡಿದ್ದಾಳೆ.

ಹಾಸ್ಟೆಲಿನಿಂದ ಬಂದಾಗ ಹೊಸ್ತಿಲ ಮೇಲೆ ಕೂತಿದ್ದಳು. ಕೈಯಲ್ಲಿ ಬಾಚಣಿಗೆ.

ಜನವರಿ 6, ಮಂಗಳವಾರ

ಇವತ್ತೂ ಅದೇ. ಅದೇ ಹೊಸ್ತಿಲು, ಅದೇ ಬಾಚಣಿಗೆ. “ಎಷ್ಟ ದಿನ ಇರತೈತಿ ಅಮಾಸಿ?”

ಕಾವ್ಯಾ ಸಾಲಿಯ ಚೀಲ ಹಾಕಿಕೊಳ್ಳುತ್ತಾ, “ಇಲ್ಲಿ ದಿನಾ ಅಮಾಸಿ ಲೇ,” ಅಂದಳು. ನನ್ನ ಮುಖ ನೋಡಲಿಲ್ಲ. ಆರನೆಯ ಇಯತ್ತೆಯ ನಡುವೆ ಬನಹಟ್ಟಿಯ ಸಾಲಿ ಬಿಡಿಸಿ ಇಲ್ಲಿ ಹಾಕಿದ್ದೇನೆ. ಅದರ ಸಿಟ್ಟು ಬೇರೆ ಇದೆ.

ಬಾಚಣಿಗೆ ಯಾಕೆ ಅಂದರೆ... ಅಮಾವಾಸ್ಯೆ ದಿನ ಅವರು ಸ್ನಾನಕ್ಕಿಂತ ಮೊದಲು ಅಂಗಳದಲ್ಲಿ ಕೂರುತ್ತಿದ್ದರು. ತಲೆ ತುಂಬ ನೂಲಿನ ಧೂಳು, ಸಣ್ಣ ಸಣ್ಣ ಎಳೆ. ಶಂಕ್ರಿ ಹಿಂದೆ ನಿಂತು ಬಾಚಿ ಬಾಚಿ ತೆಗೆಯುತ್ತಿದ್ದಳು. ಕೆಂಪು ಎಳೆ ಬಂದರೆ ಕೆಂಪು ಸೀರೆ, ಹಸಿರು ಬಂದರೆ ಹಸಿರು. “ಈ ತಿಂಗಳ ಯಾವ ಬಣ್ಣದ ಸೀರಿ ನೇಯ್ದಿ ಅಂತ ನಾ ಹೇಳ್ಲಿ ಅಪ್ಪಾ?” ಅವರು ಕಣ್ಣು ಮುಚ್ಚಿ ಕೂತಿರುತ್ತಿದ್ದರು. “ಹೇಳವ್ವ ನನ್ನ ಶೇಠಜಿ.”

ನಾನು ಶಂಕ್ರಿಗೆ ಹೇಳಿದ ಸುಳ್ಳು ಬರೆದಿಡಬೇಕು. ಯಾರ ಮುಂದೆಯೂ ಹೇಳಲಾಗಿಲ್ಲ.

ನವೆಂಬರ್ ಹದಿನೇಳಕ್ಕೆ ಎದೆ ಹಿಡಿದುಕೊಂಡು ಮಗ್ಗದ ಮುಂದೆಯೇ ಕೂತರು. ದವಾಖಾನೆ ಮುಟ್ಟಲಿಲ್ಲ. ಧರ್ಮರಾಜ ಅವತ್ತೇ ಶಂಕ್ರಿಯನ್ನು ಮಹಾಲಿಂಗಪುರಕ್ಕೆ ಎತ್ತಿಕೊಂಡು ಹೋದ. ಏನೂ ನೋಡಲಿಲ್ಲ ಅವಳು. ಹನ್ನೆರಡು ದಿನದ ಮೇಲೆ ತಿರುಗಿ ಬಂದಾಗ ಮಗ್ಗ ನಡೆಯುತ್ತಿತ್ತು. ಗೂಳಪ್ಪ ಆಗಲೇ ಕೆಲಸಕ್ಕೆ ಹತ್ತಿದ್ದ. ಶೆಡ್ಡಿನೊಳಗೆ ಮಕ್ಕಳು ಹೋಗುವಂತಿಲ್ಲ, ಮಗ್ಗದ ತಿರುಗುವ ಪಟ್ಟಕ್ಕೆ ಕೂದಲು ಸಿಕ್ಕೀತು ಅಂತ. ಬಾಗಿಲು ಮುಚ್ಚಿತ್ತು.

“ಅಪ್ಪ ಎಲ್ಲಿ?”

“ಮಗ್ಗದ ಮ್ಯಾಲ ಅದಾನ.”

ಸದ್ದು ಕೇಳಿದಳು. ನಂಬಿದಳು. ಅವರು ಇದ್ದಾಗಲೂ ಹಾಗೇ ತಾನೇ. ಇವಳು ಏಳುವ ಮೊದಲು ಹೋಗುವುದು, ಮಲಗಿದ ಮೇಲೆ ಬರುವುದು.

ಜನವರಿ 8, ಗುರುವಾರ

ಮನೆಯ ಮಾಲಕಿ ಕುಮುದಿನಿಬಾಯಿ ಇವತ್ತು ನಡುವಿನ ಬಾಗಿಲಲ್ಲಿ ಬಂದು ನಿಂತರು. ಮುಂದಿನ ಭಾಗದಲ್ಲಿ ಒಬ್ಬರೇ ಇರುತ್ತಾರೆ. ರಿಟಾಯರ್ಡ್ ಮಾಸ್ತರಬಾಯಿ. ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ.

“ಅಗ, ನೀವ್ ಮೂರೂ ಮಂದಿ ಹೀಂಗ್ಯಾಕ ಒದರ್ತೀರಿ? ಜಗಳ ಅಂತ ತಿಳಿದು ಎರಡ ಸಲ ಎದ್ದ ಬಂದೆ. ನೋಡಿದ್ರ ಉಪ್ಪ ಕೇಳಾಕತ್ತೀರಿ.”

ನಮಗೆ ಗೊತ್ತೇ ಇರಲಿಲ್ಲ. ಮಗ್ಗದ ಮನೆಯಲ್ಲಿ ಎಲ್ಲರೂ ಒದರಿಯೇ ಮಾತಾಡುವುದು. ಉಪ್ಪು ಕೇಳಿದರೂ ಒದರಿ, ಲಾಲಿ ಹಾಡಿದರೂ ಒದರಿ.

“ತಪ್ಪಾತ್ರಿ ಬಾಯಾರ,” ಅಂದೆ. ಅದನ್ನೂ ಒದರಿಯೇ ಹೇಳಿದೆ. ಅವರು ನಕ್ಕರು. ಕಾವ್ಯಾಳೂ ನಕ್ಕಳು. ಎರಡು ತಿಂಗಳಲ್ಲಿ ಮೊದಲ ಸಲ.

ಈಗ ಮೂವರೂ ಸಣ್ಣ ದನಿ ಮಾಡಿದ್ದೇವೆ. ಮನೆ ಇನ್ನಷ್ಟು ಖಾಲಿ ಅನಿಸುತ್ತಿದೆ. ಅನ್ನ ಕುದಿಯುವುದು ಕೇಳುತ್ತದೆ. ನನ್ನ ಬಳೆ ನನಗೇ ಕೇಳುತ್ತಿದ್ದವೇನೋ, ಇದ್ದಿದ್ದರೆ.

ಜನವರಿ 11, ಐತಾರ. ಮಧ್ಯಾಹ್ನ

ರಬಕವಿಯಿಂದ ಅತ್ತೆಯ ಫೋನು. ಅವರು ದೊಡ್ಡ ಮಗನ ಮನೆಯಲ್ಲಿದ್ದಾರೆ.

“ಮುಂದಿನ ಐತಾರ ಅಮಾಸಿ. ಹುಡುಗೂರ್ನ ಕರಕೊಂಡ ಬಾ. ವೀರೇಶನ ಫೋಟೋ ದೊಡ್ಡದ ಮಾಡ್ಸೇವಿ. ಮಾಲಿ ಹಾಕೂದೈತಿ.”

“ಶಂಕ್ರಿಗಿ ಇನ್ನೂ ಹೇಳಿಲ್ರಿ ಅತ್ತಿ.”

“ನೀ ಹೇಳದಿದ್ರ ಆ ಫೋಟೋ ಹೇಳತೈತಿ, ನೋಡ ಮತ್ತ.”

ಕಾವ್ಯಾ ಭಾಂಡೆ ತಿಕ್ಕುತ್ತಾ ಎಲ್ಲ ಕೇಳಿಸಿಕೊಂಡಿದ್ದಳು. “ಅಕಿ ದಿನಾ ನನ್ನ ಕೇಳ್ತಾಳ. ನಾ ದಿನಾ ಸುಳ್ಳ ಹೇಳ್ತೇನಿ. ನನ್ನ ಕೈಲೆ ಯಾಕ ಹೇಳಸ್ತಿ ಬೇ? ಅಪ್ಪ ನನಗೂ ಅಪ್ಪನ ಅಲ್ಲೇನ?”

ಅವಳು ತಿಕ್ಕಿದ ತಾಟುಗಳನ್ನು ಒರೆಸಿಟ್ಟೆ. ಹನ್ನೊಂದು ವರ್ಷದವಳನ್ನು ಅಳಲೂ ಬಿಟ್ಟಿಲ್ಲ ನಾನು. ತಂಗಿಗೆ ಗೊತ್ತಾಗುತ್ತದೆ ಅಂತ.

ಹೇಳಬೇಕು. ಐತಾರದೊಳಗೆ.

ಜನವರಿ 13, ಮಂಗಳವಾರ

ಹೇಳಲಿಲ್ಲ.

ಬನಹಟ್ಟಿಯಲ್ಲಿ ಯಾಕೆ ಹೇಳಲಿಲ್ಲ ಅಂತ ರೊಟ್ಟಿ ಬಡಿಯುತ್ತಾ ಯೋಚಿಸಿದೆ. ಅಲ್ಲಿ ಏನು ಹೇಳಿದರೂ ಒದರಬೇಕಿತ್ತು. ಈ ಮಾತನ್ನು ಒದರಿ ಹೇಳುವುದು ಹೇಗೆ? ಗೋಡೆಯಾಚೆ ಗೂಳಪ್ಪನಿಗೂ ಕೇಳುತ್ತಿತ್ತು. ಹಾಗಂದುಕೊಂಡು ಬಿಟ್ಟೆ. ಇಲ್ಲಿ ಸಣ್ಣ ದನಿಯಲ್ಲಿ ಹೇಳಬಹುದು. ಆದರೂ...

ಇನ್ನೊಂದು ಸುಳ್ಳೂ ಇದೆ. ಡಿಸೆಂಬರಿನ ಎಳ್ಳಮಾಸಿಗೆ ಶಂಕ್ರಿಗೆ ಜ್ವರ. ಮಗ್ಗ ನಿಂತಿತ್ತು. ನಾನು ಎದೆ ಗಟ್ಟಿ ಮಾಡಿಕೊಂಡು ಕೂತಿದ್ದೆ, ಕೇಳಿದರೆ ಹೇಳಿಬಿಡೋಣ ಅಂತ. ಅವಳು ದಿನವಿಡೀ ಮಲಗಿದಳು. ಮರುದಿನ ಎದ್ದು, “ಅಪ್ಪ ಬಂದಿದ್ನಾ?” ಅಂದಳು. ಮಗ್ಗ ಮತ್ತೆ ಶುರುವಾಗಿತ್ತು. “ಬಂದಿದ್ದ. ನೀ ಮಲಗಿದ್ದಿ. ಹಣಿ ಮುಟ್ಟಿ ನೋಡಿ ಹೋದ,” ಅಂದೆ.

ಹಣೆ ಸವರಿಕೊಂಡು ನಕ್ಕಳು. ಅವತ್ತಿನಿಂದ ಎರಡು ದಿನ ಮುಖ ತೊಳೆಯಗೊಡಲಿಲ್ಲ.

ಜನವರಿ 15, ಗುರುವಾರ. ಸಂಕ್ರಾಂತಿ

ಹಾಸ್ಟೆಲಿನಲ್ಲಿ ಹಬ್ಬದ ಸಿಹಿಗೆ ಮಾದಲಿ. ನನ್ನ ಪಾಲನ್ನು ಡಬ್ಬಿಯಲ್ಲಿ ತಂದೆ. ಓಣಿಯ ಹೆಂಗಸರು ಎಳ್ಳು ಬೀರುತ್ತಾ ಹೋದರು. ನಮ್ಮ ಬಾಗಿಲಲ್ಲಿ ನಿಲ್ಲಲಿಲ್ಲ. ಹೊಸಬರು ಅಂತಲೋ, ಅಥವಾ...

ಕುಮುದಿನಿಬಾಯಿ ಮಕ್ಕಳನ್ನು ಕರೆದು ಎಳ್ಳುಬೆಲ್ಲದ ತಿಳಗುಳ ಕೊಟ್ಟರು. ನನಗೂ ಕೊಟ್ಟರು, ಕೈ ಹಿಡಿದು. “ತಗೋ ಮಗಳ. ನಾನೂ ಇಪ್ಪತ್ತ ವರ್ಷದಿಂದ ಯಾರ ಮನೀಗೂ ಎಳ್ಳ ಬೀರಾಕ ಹೋಗಿಲ್ಲ.”

ಶಂಕ್ರಿ ಅವರ ಕ್ಯಾಲೆಂಡರಿನ ಮುಂದೆ ನಿಂತಿದ್ದಳು. ಮೂರು ದಿನದಿಂದ ಅಲ್ಲೇ ಇದ್ದಾಳಂತೆ. ಅಮಾಸಿ ಯಾವುದು ತೋರಿಸಿರಿ ಅಂತ ಕೇಳಿದ್ದಾಳೆ, ಬಾಯಿ ತೋರಿಸಿದ್ದಾರೆ. ನನ್ನನ್ನು ಎಳೆದುಕೊಂಡು ಹೋದಳು.

“ಸೋಮವಾರ ಅಮಾಸಿ ಇರಲೇ ಇಲ್ಲ ಬೇ. ಕರಿ ಚುಕ್ಕಿ ಐತಾರ ಐತಿ. ನೀ ಸುಳ್ಳ ಹೇಳಿದಿ.” ಸಿಟ್ಟಿಲ್ಲ. ತಿದ್ದುವವರ ಹಾಗೆ ಹೇಳಿದಳು. “ಅದಕ್ಕ ಅಪ್ಪ ಬಂದಿಲ್ಲ. ಐತಾರ ಬರ್ತಾನ.”

ಮಕ್ಕಳು ಹೊರಗೆ ಹೋದ ಮೇಲೆ ಬಾಯಿ ಕನ್ನಡಕ ತೆಗೆದು ಒರೆಸಿದರು. “ಚುಕ್ಕಿ ತೋರಿಸಿದಾಕಿ ನಾನು. ಯಾಕ ಕೇಳ್ತಾಳ ಅಂತ ನನಗ ಗೊತ್ತಿರಲಿಲ್ಲ. ಅಕಿ ನಿನ್ನೆ ಹೇಳಿದ್ಲು, ಅಪ್ಪ ಬರ್ತಾನ, ಅಜ್ಜಿ ನಿಮಗೂ ಸೀರಿ ತರ್ತಾನ ಅಂತ.”

ನಾನು ಸೆರಗು ಬಾಯಿಗಿಟ್ಟುಕೊಂಡೆ.

“ನಾ ಹೇಳೂ ಮಾತಲ್ಲ ಇದು. ನೀನಽ ಹೇಳಬೇಕು. ಎಷ್ಟ ಸಣ್ಣ ದನೀಲೆ ಹೇಳಿದ್ರೂ ಕೇಳತೈತಿ ಅಕಿಗೆ.”

ಜನವರಿ 17, ಶನಿವಾರ. ಸಂಜೆ

ಬಟ್ಟೆ ಚೀಲಕ್ಕೆ ಹಾಕಿದೆ. ಶಂಕ್ರಿ ತಾನೇ ತಂದು ಎಲ್ಲದಕ್ಕಿಂತ ಮೇಲೆ ಬಾಚಣಿಗೆ ಇಟ್ಟಳು. ಅದರ ಹಲ್ಲುಗಳ ನಡುವೆ ಹಳೆಯದೊಂದು ಎಳೆ ಇದೆ. ಹಸಿರು. ತೆಗೆಯಲಿಲ್ಲ.

ನಾಳೆ ಬೆಳಿಗ್ಗೆ. ಕಾವ್ಯಾಳಿಗೂ ಹೇಳಿದ್ದೇನೆ, ಜೊತೆಗೆ ಕೂಡು ಅಂತ. “ನಾ ಅತ್ರ?” ಅಂದಳು. ಅಳು, ಅಂದೆ.

ಜನವರಿ 18, ಐತಾರ. ಬೆಳಿಗ್ಗೆ 8

ಹೇಳಿದೆ.

ತಲೆ ಬಾಚಿ, ಹಾಲು ಕುಡಿಸಿ, ಹೊಸ್ತಿಲ ಮೇಲೆ ಕೂರಿಸಿಕೊಂಡು. ಅಪ್ಪ ಸತ್ತು ಹೋದ, ನೀ ಮಹಾಲಿಂಗಪುರದಾಗ ಇದ್ದಾಗ. ಇನ್ನ ಯಾವ ಅಮಾಸಿಗೂ ಬರೂದಿಲ್ಲ. ಇಷ್ಟೇ. ದನಿ ಎಷ್ಟು ಸಣ್ಣದಿತ್ತು ಅಂದರೆ ಅವಳು ನನ್ನ ಬಾಯಿಯ ಹತ್ತಿರ ಕಿವಿ ತಂದಳು. ಎರಡು ಸಲ ಹೇಳಬೇಕಾಯಿತು.

ಅಳಲಿಲ್ಲ. ಕಾವ್ಯಾ ಅತ್ತಳು, ಜೋರಾಗಿ, ಬನಹಟ್ಟಿಯ ದನಿಯಲ್ಲಿ. ಶಂಕ್ರಿ ಅಕ್ಕನನ್ನೇ ನೋಡುತ್ತಿದ್ದಳು.

“ಹಂಗಾರ ಮಗ್ಗ ಯಾರ ನಡಸ್ತಿದ್ರು?”

“ಗೂಳಪ್ಪ ಮಾಮಾ.”

“ಅವನ ತಲ್ಯಾಗಿನ ಎಳಿ ಯಾರ ತಗೀತಾರ?”

ಗೊತ್ತಿಲ್ಲ ಅಂದೆ. ಬೀದಿಯಲ್ಲಿ ಹಾಲಿನವನ ಗಾಡಿ ಹೋಯಿತು. ಆಮೇಲೆ ಅವಳ ಕೈ ಹಣೆಗೆ ಹೋಯಿತು.

“ಜ್ವರ ಬಂದಾಗ ಮುಟ್ಟಿದಾಂವ ಯಾರ ಮತ್ತ?”

“ನಾನು.”

ನನ್ನ ಬಲಗೈ ಎತ್ತಿಕೊಂಡಳು. ಮುಂದೆ ತಿರುಗಿಸಿದಳು, ಹಿಂದೆ ತಿರುಗಿಸಿದಳು. ರೊಟ್ಟಿ ಬಡಿದು ದಪ್ಪಗಾಗಿದೆ ಅಂಗೈ. ಬೆರಳು ಒಂದೊಂದಾಗಿ ನೋಡಿ ವಾಪಸು ನನ್ನ ತೊಡೆಯ ಮೇಲೆ ಇಟ್ಟಳು, ಯಾರದೋ ಸಾಮಾನು ಇಟ್ಟ ಹಾಗೆ. ಎದ್ದು ಒಳಗೆ ಹೋದಳು.

ಒಂಬತ್ತಕ್ಕೆ ಬಸ್ಸು. ಕಾವ್ಯಾ ಮುಖ ತೊಳೆಯುತ್ತಿದ್ದಾಳೆ. ಶಂಕ್ರಿ ಚೀಲ ಬಿಚ್ಚಿದ ಸದ್ದು ಕೇಳುತ್ತಿದೆ, ಈ ಮನೆಯಲ್ಲಿ ಎಲ್ಲವೂ ಕೇಳುತ್ತದೆ. ಬಾಚಣಿಗೆ ತೆಗೆದಳು. ಈ ಕಡೆಯೇ ಬರುತ್ತಿದ್ದಾಳೆ. ನನ್ನ ಹಿಂದೆ ಬಂದು ನಿಂತಿದ್ದಾಳೆ, ತುರುಬು ಬಿಚ್ಚು ಅನ್ನುತ್ತಿದ್ದಾಳೆ.