ಭಾಗ್ಯಶ್ರೀ ಆರಿಸಿದ ಕ್ಯಾಂಪಸ್

ಕಮಲಾಕ್ಷಿ,

ಇದು ನಿನಗೆ ತಲುಪುವುದಿಲ್ಲ. ಆದರೂ ಮಗಳ ಸುದ್ದಿಯನ್ನು ಇನ್ನಾರಿಗೆ ಹೇಳಲಿ? ಭಾಗ್ಯಶ್ರೀಗೆ ಸೀಟು ಸಿಕ್ಕಿರುವ ಎರಡೂ ವಿಶ್ವವಿದ್ಯಾಲಯಗಳನ್ನು ಇವತ್ತು ನೋಡಿಬಂದೆವು. ಮೊದಲನೆಯದಕ್ಕೆ ದೊಡ್ಡ ಹೆಸರು; ಕ್ಯಾಂಟೀನಿನಲ್ಲಿ ಮಾತ್ರ ಎಲ್ಲರೂ ಮೊಬೈಲ್ ನೋಡುತ್ತ ಒಬ್ಬೊಬ್ಬರೇ ಉಣ್ಣುತ್ತಿದ್ದರು. ಎರಡನೆಯದರಲ್ಲಿ ಥ್ರೋಬಾಲ್ ಆಟಕ್ಕೆ ಒಬ್ಬಳು ಕಡಿಮೆಯಿದ್ದಳು. ಹುಡುಗಿಯರು "ರಾ, ರಾ!" ಎಂದು ತೆಲುಗಿನಲ್ಲಿ ಕರೆದರು. ನೀನು ಹೋದಮೇಲೆ ಮನೆಯಲ್ಲೂ ಮಾತು ಕಡಿಮೆ ಮಾಡಿದ್ದ ನಮ್ಮ ಹುಡುಗಿ ಚಪ್ಪಲಿ ಬಿಟ್ಟು ಓಡಿಯೇಬಿಟ್ಟಳು!

ಬೆವರು ಒರೆಸಿಕೊಳ್ಳುತ್ತ ಬಂದು, "ಅಪ್ಪಾ, ನಾ ಇಲ್ಲೇ ಓದ್ತೀನಿ" ಎಂದಳು.

"ಆ ಮೊದಲಿನದಕ್ಕ ಹೆಸರು ಭಾಳ ಐತಲ್ಲವ್ವಾ?"

"ಹೆಸರಿನ ಜೋಡಿ ಕೂತು ಊಟ ಮಾಡ್ಲೇನು?" ಎಂದು ಜೋರಾಗಿ ನಕ್ಕಳು. ನಾನೂ ನಕ್ಕು ಒಪ್ಪಿದೆ.

ಕೂಕಟ್‌ಪಲ್ಲಿಯ ನಮ್ಮ ಮನೆಗೆ ಮರಳುವಾಗ ಮೆಟ್ರೋದಲ್ಲಿ ಕೇಳಿದಳು: "ಅವ್ವನೂ ಕಾಲೇಜಿನ್ಯಾಗ ಆಡ್ತಿದ್ಲೇನು?"

ಇಷ್ಟು ವರ್ಷ ಜೊತೆಗಿದ್ದೂ ನನಗೆ ಗೊತ್ತಿರಲಿಲ್ಲ. ಆಡುತ್ತಿದ್ದೆಯೇನೇ?

ನಿನ್ನ,
ನರಹರಿ