ಈಚೆ ದಡಕ್ಕೂ ಒಬ್ಬ

ಅಮ್ಮಾ,

ಫೋನ್ ಮಾಡಿದ್ರೆ ಅಳ್ತೀಯ, ಅದಕ್ಕೇ ಬರೀತಿದೀನಿ.

ಹೊಳೆ ಉಕ್ಕಿದ ದಿನ ಅಧ್ಯಕ್ಷರೂ ಸಿಗಲಿಲ್ಲ, ಉಪಾಧ್ಯಕ್ಷರೂ ಸಿಗಲಿಲ್ಲ. ಅವರಿಬ್ಬರೂ ಇಲ್ಲದಿದ್ರೆ ಊರಿನ ಅಧಿಕಾರ ಪುರಸಭೆ ಗುಮಾಸ್ತೆ ಕೈಗೆ ಅಂತ ತುರ್ತು ಯೋಜನೆಯಲ್ಲಿತ್ತು. ಆ ಗುಮಾಸ್ತೆ ನೀನು. ನಾನು ಈಚೆ ದಡದ ಗ್ಯಾರೇಜಲ್ಲಿದೀನಿ ಅಂತ ಗೊತ್ತಿದ್ದೂ ಸೇತುವೆ ಮುಚ್ಚಿಸಿದೆ. ಸಂಜೆಗೆ ಅದು ಕೊಚ್ಚಿಹೋಯ್ತು.

"ಹೆತ್ತ ಮಗನ್ನೇ ಬಿಟ್ಟುಬಿಟ್ಲಲ್ಲ, ಕಲ್ಲೆದೆಯೋಳು" ಅಂತ ಚಿಕ್ಕಮ್ಮ ಊರೆಲ್ಲ ಡಂಗುರ ಹೊಡೀತಿದಾಳಂತೆ. ಅವಳ ಬಾಯಿ ಮುಚ್ಚಿಸೋಕೆ ಯಾವ ಯೋಜನೇನೂ ಇಲ್ಲ, ಬಿಡು. ಆದ್ರೆ ಅವಳ ಮಾತಿಗೆ ನೀನು ಯೋಜನೆಯಿಂದ ಹೆಸರು ತೆಗೆಸ್ತೀಯಂತಲ್ಲ, ತಲೆ ಕೆಟ್ಟಿದೆಯಾ? ಅವತ್ತು ನನಗೋಸ್ಕರ ಸೇತುವೆ ತೆರೆಸಿದ್ದಿದ್ರೆ ನನ್ನ ಹಿಂದೆ ಎಷ್ಟು ಜನ ಅದನ್ನ ಹತ್ತಿರೋರು?

ಹೌದು, ನಾನೂ ಬೈದಿದೀನಿ; ಮೆಣಸಿನಕಾಯಿ ಅಂತ ನೀನೇ ಅಲ್ವಾ ನನಗೆ ಹೆಸರಿಟ್ಟಿದ್ದು. ಗ್ಯಾರೇಜ್ ತಾರಸಿ ಮೇಲೆ ನೆನೀತಾ ನಿಂತವನು ಲಾಲಿ ಹಾಡ್ತಾನಾ? ಇಲ್ಲಿ ಎಲ್ಲರೂ ಕೂಗ್ತಿದ್ರು, ಹೀಗೆ ಮಾಡಿ ಅಂತ ಹೇಳೋರು ಒಬ್ಬರೂ ಇರ್ಲಿಲ್ಲ.

ನಿನ್ನ ಹೆಸರು ಹಾಗೇ ಇರ್ಲಿ. ಈಚೆ ದಡಕ್ಕೆ ನನ್ನ ಹೆಸರು ಬರೆಸು. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ಅಂತ ಮೂಗು ಮುರಿದ್ರೆ, ಹೊಳೆಗೆ ಮಾರ್ಕ್ಸ್ ಕಾರ್ಡ್ ಓದೋಕೆ ಬರಲ್ಲ ಅನ್ನು.

ಹೊಸ ಸೇತುವೆ ಆದ್ಮೇಲೂ ನೀರು ಬಂದ್ರೆ ಮುಚ್ಚಿಸು. ಈ ಕಡೆ ಜನರನ್ನ ನಾನು ನೋಡ್ಕೋತೀನಿ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಮೆಣಸಿನಕಾಯಿ