ಬಾಳೆನಾರಿನ ಗಂಟು

ಜೂನ್ 14, ಶನಿವಾರ

ಫಾಸ್ಟಿಂಗ್‌ನವರೆಲ್ಲ ಒಂಬತ್ತೂವರೆಗೆ ರಕ್ತ ಕೊಟ್ಟು ಮುಗಿಸಿದರು. ಮಳೆ ಹಿಡಿದು ವಾರ ಆಗಿಲ್ಲ, ಜ್ವರದವರ ಸಾಲು ಆಗಲೇ ಮೆಟ್ಟಿಲ ತನಕ. ಶ್ರಾವ್ಯ ನನ್ನ ಲ್ಯಾಬಿಗೆ ಹೊಸಬಳು. ನರ ಸಿಗದಿದ್ದರೆ ನನ್ನ ಮುಖ ನೋಡುತ್ತಾಳೆ. ಮಧ್ಯಾಹ್ನದ ಊಟ ನಿಂತುಕೊಂಡೇ ಆಯಿತು.

ಆದರೂ ಮೂರೂವರೆಗೆ ಮಹಿಳಾ ಸಮಾಜಕ್ಕೆ ಹೋದೆ. ಕಾರ್ಯದರ್ಶಿ ಎಂದು ಹೆಸರು ಹಾಕಿಸಿಕೊಂಡ ಮೇಲೆ ಹೋಗದಿದ್ದರೆ ಹೇಗೆ? ಹಿಟ್ಟಿನ ಗಿರಣಿಯ ಮೇಲಿನ ಕೋಣೆ. ಚಾಪೆ ಉದ್ದಕ್ಕೂ ಹಾಸಿದೆ, ಬಂದದ್ದು ಐದೇ ಜನ. ಭಜನೆ ಶುರು ಮಾಡಲು ಒಬ್ಬರ ಮುಖ ಒಬ್ಬರು ನೋಡಿದೆವು. ಯಾವಾಗಲೂ ಮೊದಲ ಸಾಲು ಎತ್ತುವವರು ಸರೋಜಕ್ಕ. ಯುಗಾದಿಯಿಂದ ಇಲ್ಲಿ ಅವರ ಪತ್ತೆಯೇ ಇಲ್ಲ. ಸಾಸ್ತಾನದ ಮನೆಯಲ್ಲೇ ತಿಂಡಿ ಮಾಡಿ ಮಾರುತ್ತಾರೆ. ವ್ಯಾಪಾರ ಜೋರು. ಜೋರಾದ ಮೇಲೆ ನಾವೆಲ್ಲ ಯಾಕೆ ಬೇಕು... ಕೋಪದಲ್ಲಿ ಬರೆದೆ. ಇರಲಿ, ಅಳಿಸುವುದಿಲ್ಲ.

ಅಧ್ಯಕ್ಷೆ ಪದ್ಮಾಕ್ಷಕ್ಕ ಚಾ ಕುಡಿಯುತ್ತ ಹೇಳಿದರು: “ಗಿರಣಿಯವ್ರ್ ಈ ಕೋಣಿ ಕೇಳ್ತಿದ್ರ್, ಅಕ್ಕಿ ಚೀಲ ಇಡುಕೆ. ಐದ್ ಜನಕ್ಕೆ ಎಂತಕೆ ಇಷ್ಟ್ ದೊಡ್ ಕೋಣಿ? ಹೀಂಗೇ ಆರೆ ಮುಚ್ಚುವ.”

ಯಾರೂ ಬೇಡ ಅನ್ನಲಿಲ್ಲ. ಹಿಂದೊಮ್ಮೆ ನನ್ನ ಗಂಡ ಗುರುಪ್ರಸಾದ್ ಸ್ಕೂಟರಿನಿಂದ ಬಿದ್ದು ಆಸ್ಪತ್ರೆಯಲ್ಲಿದ್ದಾಗ ಇದೇ ಹೆಂಗಸರು ಸರದಿ ಹಾಕಿಕೊಂಡು ಬಂದು ಕೂತರು. ಮಗಳು ಸಿಂಚನಾಳ ಜಡೆ ಹೆಣೆದು ಶಾಲೆಗೆ ಕಳಿಸಿದರು. ನಾನು ಕೇಳಿರಲಿಲ್ಲ. ವಾರವಿಡೀ ನಾನು ನೋಡುವುದು ಜನರ ಕೈ ಮಾತ್ರ. ಮುಖ ನೋಡಿ ಮಾತಾಡುವುದು ಶನಿವಾರ. ಅದನ್ನು ಮುಚ್ಚುವುದಕ್ಕೆ ನಾನು ಒಪ್ಪುವುದಿಲ್ಲ.

ಜೂನ್ 28, ಶನಿವಾರ

ಹೋಗಲಿಲ್ಲ. ಲ್ಯಾಬಿನ ತುಂಬ ಡೆಂಗ್ಯೂ ಜ್ವರದವರು. ಬೆಳಿಗ್ಗೆಯಿಂದ ಪ್ಲೇಟ್‌ಲೆಟ್, ಪ್ಲೇಟ್‌ಲೆಟ್.

“ಇವತ್ತು ಎಲ್ಲರೂ ತಪ್ಪದೆ ಬನ್ನಿ” ಎಂದು ಸಮಾಜದ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದವಳು ನಾನೇ. ಎಲ್ಲರೂ ಹೆಬ್ಬೆರಳು ಎತ್ತಿದ್ದರು. ಪದ್ಮಾಕ್ಷಕ್ಕ ಒಬ್ಬರೇ ಕೂತು, ಒಬ್ಬರೇ ಚಾ ಕುಡಿದು, ಬೀಗ ಹಾಕಿ ಹೋದರಂತೆ.

ನಾಚಿಕೆಗೇಡು.

ಜುಲೈ 6, ಭಾನುವಾರ

ನಿನ್ನೆಯೂ ಹೋಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಗುರುಪ್ರಸಾದ್ ಹೇಳಿದರು: “ಬಿಟ್ ಬಿಡ್ ಮಾರಾಯ್ತಿ. ಲ್ಯಾಬೋ ಸಮಾಜವೋ, ಒಂದನ್ನಾರೂ ಸಮಾ ಮಾಡ್.”

ಹೇಳಿದ್ದು ಪ್ರೀತಿಯಿಂದಲೇ, ಗೊತ್ತು. ಆದರೂ ಮೈ ಉರಿಯಿತು. ತಾವು ಹಾರ್ಡ್‌ವೇರ್ ಅಂಗಡಿಗೆ ಬಾಗಿಲು ಎಳೆದು ಯಕ್ಷಗಾನದ ಆಟ ನೋಡಲು ಹೊರಟಾಗ ಯಾರಾದರೂ ಹೀಗೆ ಕೇಳಿದ್ದುಂಟಾ?

“ಎರಡೂ ಮಾಡ್ತೆ ಕಾಣಿ” ಎಂದೆ.

ಇವತ್ತು ಬೋರ್ಡ್ ಬರೆದೆ. ಶನಿವಾರ ಮೂರು ಗಂಟೆಯ ನಂತರ ಲ್ಯಾಬ್ ಮುಚ್ಚಿರುತ್ತದೆ. ಸಿಂಚನಾ ಸುತ್ತ ಕೆಂಪು ಗೆರೆ ಎಳೆದಳು. ಗುರುಪ್ರಸಾದ್ ಅಂಗಡಿಯಿಂದ ಮೊಳೆ ತಂದುಕೊಟ್ಟರು.

ಜುಲೈ 12, ಶನಿವಾರ

ಬೋರ್ಡಿಗೆ ಮೊದಲ ಬೈಗುಳ ಬಿತ್ತು. “ಜ್ವರಕ್ಕೆ ಶನಿವಾರ, ಆಯ್ತವಾರ ಇತ್ತಾ ಹೆಣೆ?” ಎಂದರು ಜ್ವರ ಹಿಡಿದು ಬಂದ ಶಾಮರಾಯರು, ಕೊಡೆ ನೆಲಕ್ಕೆ ಕುಟ್ಟಿ. ಸರಿಯಾದ ಪ್ರಶ್ನೆ. ಅವರ ರಕ್ತ ತೆಗೆದೇ ಹೊರಟೆ. ತಡವಾಯಿತು, ಆದರೆ ಹೊರಟೆ.

ಇವತ್ತು ಒಂದು ತೀರ್ಮಾನ ಆಯಿತು. ಇಪ್ಪತ್ತಾರಕ್ಕೆ ಆಸಾಡಿ ತಿಂಗಳ ತಿಂಡಿ. ಪ್ರತಿವರ್ಷ ಮಾಡುತ್ತೇವೆ. ಎಲ್ಲರೂ ಒಂದೊಂದು ತಿಂಡಿ ತರಬೇಕು, ಕೈಯಾರೆ ಮಾಡಿದ್ದೇ ಆಗಬೇಕು. ಅದು ಪದ್ಮಾಕ್ಷಕ್ಕನ ಕಾನೂನು. ಒಮ್ಮೆ ಸ್ನೇಹಲತಾ ಟೀಚರ್ ಬೇಕರಿಯ ಪಫ್ಸ್ ತಂದದ್ದಕ್ಕೆ ಡಬ್ಬಿಯ ಮುಚ್ಚಳವನ್ನೇ ತೆಗೆಯಲು ಬಿಟ್ಟಿರಲಿಲ್ಲ.

“ಅವತ್ತ್ ಎಲ್ಲರೂ ಬಂದ್ರೆ ಸಮಾಜ ಇರ್ಲಿ. ಬರ್ದಿದ್ರೆ ಕೀ ಗಿರಣಿಯವ್ರಿಗೆ ಕೊಡ್ತೆ. ಮತ್ತೆ ನನ್ನ ಹತ್ರ ಎಂತದೂ ಕೇಂಬುಕಿಲ್ಲೆ” ಎಂದರು ಪದ್ಮಾಕ್ಷಕ್ಕ.

ಗ್ರೂಪಿನಲ್ಲಿ ಮೆಸೇಜ್ ಹಾಕಲಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಹೆಬ್ಬೆರಳು ಎತ್ತುವಷ್ಟು ಸುಲಭವಾಗಿ ಬಾಯಲ್ಲಿ ಸುಳ್ಳು ಹೇಳಲಾಗುವುದಿಲ್ಲ.

ಜುಲೈ 24, ಗುರುವಾರ. ಆಸಾಡಿ ಅಮಾವಾಸ್ಯೆ

ಕೆಸುವಿನ ಎಲೆ ಮೊನ್ನೆಯೇ ಕೊಯ್ದು ಫ್ರಿಜ್ಜಿನಲ್ಲಿಟ್ಟಿದ್ದೆ. ಇವತ್ತು ನೋಡಿದರೆ ಕಪ್ಪಾಗಿ ಬಾಡಿವೆ. ಅಕ್ಕಿ ನೆನೆಹಾಕಿಲ್ಲ. ನಾಳೆ ಶಾಲೆಯಲ್ಲಿ ರಕ್ತಪರೀಕ್ಷೆ ಶಿಬಿರ ಬೇರೆ. ಎಷ್ಟು ಲೆಕ್ಕ ಹಾಕಿದರೂ ಎಲೆಗೆ ಹಿಟ್ಟು ಸವರಿ, ಸುತ್ತಿ ಪತ್ರೊಡೆ ಬೇಯಿಸುವ ಹೊತ್ತು ಸಿಗುವುದಿಲ್ಲ.

ಸರೋಜಕ್ಕನಿಗೆ ಫೋನ್ ಮಾಡಿದೆ. ಮೊದಲು ಮಳೆಯ ಮಾತಾಡಿದೆ. ಆಮೇಲೆ ಬಾಯಿಬಿಟ್ಟೆ.

“ಎರಡ್ ಸುರುಳಿ ಪತ್ರೊಡೆ ಬೇಕಿತ್ತ್ ಸರೋಜಕ್ಕ. ಯಾರಿಗೂ ಹೇಳ್ಬೇಡಿ, ಆಯ್ತಾ?”

ಆ ಕಡೆಯಿಂದ ನಗು. “ಹೇಳುದಿಲ್ಲೆ ಬಿಡ್.”

“ನೀವೂ ಬನಿ ಶನಿವಾರ.”

“ನಾ ಹ್ಯಾಂಗ್ ಬಪ್ಪುದ್ ಹೆಣೆ? ಶನಿವಾರವೇ ಅಲ್ದಾ ಆರ್ಡರ್ ಜಾಸ್ತಿ.”

ಫೋನ್ ಇಟ್ಟ ಮೇಲೂ ಆ ನಗು ಕಿವಿಯಲ್ಲೇ ಇತ್ತು. ಅದರಲ್ಲಿ ಖುಷಿ ಇರಲಿಲ್ಲ.

ಜುಲೈ 26, ಶನಿವಾರ

ಎಲ್ಲರೂ ಬಂದರು! ಅಮಾಸೆಬೈಲಿನ ತವರಿಗೆ ಹೋಗಿದ್ದ ಚಂದ್ರಮತಿ ಕೂಡ ಬಸ್ಸಿಳಿದು ನೇರ ಬಂದಳು. ಚಾಪೆ ಸಾಲದೆ ಪೇಪರ್ ಹಾಸಿದೆವು. ಪದ್ಮಾಕ್ಷಕ್ಕ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖ ನೋಡುತ್ತಿದ್ದರು. ಕಣ್ಣು ಒದ್ದೆಯಾಗಿತ್ತು, ಕೇಳಿದರೆ ಗಿರಣಿಯ ಹಿಟ್ಟು ಹೋಯಿತು ಎಂದರು.

ಆಮೇಲೆ ಡಬ್ಬಿಗಳು.

ಸ್ನೇಹಲತಾ ಟೀಚರ್ ಮೊದಲು ತೆಗೆದರು. ಪತ್ರೊಡೆ. “ಬೆಳಿಗ್ಗೆ ಬೇಗ ಎದ್ದ್ ಮಾಡದ್ದ್” ಎಂದರು. ಚಂದ್ರಮತಿ ತೆಗೆದಳು. ಪತ್ರೊಡೆ. ನನ್ನದು ಪತ್ರೊಡೆ. ಆಸಾಡಿಯಲ್ಲಿ ಪತ್ರೊಡೆ ಮಾಡುವುದು ಆಶ್ಚರ್ಯವಲ್ಲ. ಆದರೆ ಸುರುಳಿ ಬಿಚ್ಚಿಕೊಳ್ಳಬಾರದೆಂದು ಬಾಳೆನಾರಿನಲ್ಲಿ ಕಟ್ಟಿ ಬೇಯಿಸುವವರು ಈ ಊರಲ್ಲಿ ಒಬ್ಬರೇ. ಹೂವಿನ ಮಾಲೆ ಕಟ್ಟುವ ಗಂಟು, ತುದಿ ಒಳಗೆ ಸೇರಿಸಿದ್ದು. ಸಾಲಾಗಿ ಇಟ್ಟ ಡಬ್ಬಿಗಳಲ್ಲೆಲ್ಲ ಅದೇ ನಾರು, ಅದೇ ಗಂಟು. ಬಿಚ್ಚಿ ತರಬೇಕೆಂದು ನಮ್ಮಲ್ಲಿ ಒಬ್ಬಳಿಗೂ ಹೊಳೆದಿರಲಿಲ್ಲ. ಬಿಚ್ಚಲೂ ಪುರುಸೊತ್ತಿಲ್ಲದ ಹೆಂಗಸರು!

ಎಲ್ಲರ ಕಣ್ಣೂ ಪದ್ಮಾಕ್ಷಕ್ಕನ ಮೇಲೆ. ಅವರು ನಿಧಾನವಾಗಿ ತಮ್ಮ ಹಿತ್ತಾಳೆ ಡಬ್ಬಿಯ ಮುಚ್ಚಳ ತೆಗೆದರು.

ಅದರಲ್ಲೂ ಅದೇ ಗಂಟು.

“ಮೊಣಕಾಲ್ ನೋವಾ ಮಾರಾಯ್ತಿ, ಒಲೆ ಮುಂದೆ ನಿಂಬುಕೆ ಆತಿಲ್ಲೆ. ಯಾರಿಗೂ ಹೇಳ್ಬೇಡ ಅಂದಿದ್ದೆ...”

ನಕ್ಕೆವು. ಕೂತಲ್ಲಿಂದ ಬಿದ್ದು ನಕ್ಕೆವು. ಗಿರಣಿಯವರು ಕೆಳಗಿನಿಂದ ಎಂತ ಆಯಿತು ಎಂದು ಕೂಗಿದರು. ಎಷ್ಟೋ ತಿಂಗಳಾಗಿತ್ತು ಹೀಗೆ ನಗದೆ. ನಗುತ್ತಾ ನಗುತ್ತಾ ಚಂದ್ರಮತಿ ಕೇಳಿದಳು: “ಹ್ವಾಯ್, ಸರೋಜಕ್ಕ ಎಲ್ಲಿ?”

ನಗು ನಿಂತಿತು.

ಸರೋಜಕ್ಕನಿಗೆ ಕೊಡುವ ಆರ್ಡರ್ ಒಂದೊಂದೇ ಹೊರಗೆ ಬಂತು. ಟೀಚರ್ ಮನೆಗೆ ಪ್ರತಿ ಶನಿವಾರ ಸಂಜೆ ಕಡುಬು, ಭಾನುವಾರ ಬೆಳಿಗ್ಗೆ ಏಳುವುದು ತಡವಾಗುತ್ತದೆ ಎಂದು. ಚಂದ್ರಮತಿಗೆ ಚಪಾತಿ. ಮೂಲೆಯಲ್ಲಿ ಕೂತ ಇಬ್ಬರಿಗೆ ವಾರದ ಸಾರಿನ ಪುಡಿ. ನನಗೆ, ಹೌದು, ನನಗೂ ನೀರುದೋಸೆ ಹಿಟ್ಟು. ಎಲ್ಲರಿಗೂ ಶನಿವಾರವೇ ಬೇಕು. ಎಲ್ಲರೂ ಗುಟ್ಟಾಗಿ. ಸರೋಜಕ್ಕ ಸಮಾಜಕ್ಕೆ ಬರಲಾಗದಂತೆ ಮಾಡಿದವರು ಸಮಾಜದವರೇ. ನಾನು ಮಾತ್ರ ಅವರಿಗೆ ಸೊಕ್ಕು ಎಂದು ಬರೆದುಕೊಂಡು ಕೂತಿದ್ದೆ.

ಪತ್ರೊಡೆ ತಿಂದೆವು. ತುಂಬ ರುಚಿ ಇತ್ತು, ಅದೇ ಸಂಕಟ. ಕೀಯ ಮಾತು ಯಾರೂ ಎತ್ತಲಿಲ್ಲ. ಪದ್ಮಾಕ್ಷಕ್ಕ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಇಳಿದು ಹೋದರು.

ಆಗಸ್ಟ್ 2, ಶನಿವಾರ

ದೊಡ್ಡ ಉಪಕಾರ ಮಾಡುವವಳ ಹಾಗೆ ಹೋಗಿದ್ದೆ. ಟೋಲ್ ದಾಟಿ ಎಡಕ್ಕೆ ಸರೋಜಕ್ಕನ ಮನೆ. ಅಂಗಳಕ್ಕೆ ಹಂಚಿನ ಮಾಡು ಇಳಿಸಿ ಒಲೆ ಹಾಕಿದ್ದಾರೆ. ಬೆವರಲ್ಲಿ ಮಿಂದಿದ್ದರು.

“ಇನ್ನು ಶನಿವಾರ ನಾವು ಯಾರೂ ಆರ್ಡರ್ ಕೊಡುದಿಲ್ಲೆ ಸರೋಜಕ್ಕ. ನೀವ್ ಸಮಾಜಕ್ಕೆ ಬನಿ.”

ಸೌಟು ಕೆಳಗಿಟ್ಟರು. “ಆರ್ಡರ್ ನಿಲ್ಸಿ ನಂಗೆ ಉಪಕಾರ ಮಾಡ್ತ್ರಿಯಾ? ಇದ್ರಂಗೇ ನನ್ ಮನಿ ನಡೆಯುದ್. ನೀವ್ ಲ್ಯಾಬ್ ಮುಚ್ಚಿ ಭಜನೆಗೆ ಹೋಪ್ಲಕ್ಕ್. ನಾ ಒಲೆ ಆರ್ಸಿರೆ ಎಂತ ಮಾಡುದ್? ಪಾಪ ಅಂದೇಳಿ ಕರೂಕೆ ಬಂದದ್ದಾರೆ, ಬಪ್ಪುದೇ ಬ್ಯಾಡ.”

ಮಳೆಯಲ್ಲಿ ರೇನ್‌ಕೋಟ್ ಹಾಕಿಕೊಳ್ಳದೇ ಸ್ಕೂಟರ್ ಓಡಿಸಿದೆ.

ಆಗಸ್ಟ್ 3, ಭಾನುವಾರ

ಅವರು ಹೇಳಿದ್ದು ಸರಿ. ನಾನು ಮಾಡಿದ್ದು ತಪ್ಪು. ಆದರೆ ಇಲ್ಲಿಗೆ ಬಿಟ್ಟರೆ ಅದು ಇನ್ನೂ ದೊಡ್ಡ ತಪ್ಪು.

ಮೂರಕ್ಕೆ ಲ್ಯಾಬ್ ಮುಚ್ಚಿ ನಾನು ಹೋಗುವುದು ಗಿರಣಿ ಮೇಲಕ್ಕೇ ಯಾಕೆ ಆಗಬೇಕು?

ಆಗಸ್ಟ್ 9, ಶನಿವಾರ

ಮೂರಕ್ಕೆ ಬಾಗಿಲು ಹಾಕಿದೆ. ನೇರ ಸಾಸ್ತಾನ. ಮಣೆ ಎಳೆದುಕೊಂಡು ಕೂತೆ. ಕೆಸುವಿನ ಎಲೆಯ ಬೆನ್ನಿನ ದಪ್ಪ ನಾರು ಹೆರೆಯತೊಡಗಿದೆ. ಸರೋಜಕ್ಕ ನೋಡಿದರು, ಸೌಟು ತಿರುವಿದರು. ಕೈ ತುರಿಸಲು ಶುರುವಾಯಿತು. ತುರಿಕೆಗೆ ಹಚ್ಚಲು ಹುಣಿಸೆಹಣ್ಣಿನ ಬಟ್ಟಲು ನನ್ನ ಕಡೆ ತಳ್ಳಿದರು. ಅಷ್ಟೇ ಮಾತು.

ಹೊರಡುವಾಗ ಹೇಳಿದರು: “ಪುಕ್ಕಟೆ ಕೆಲ್ಸ ಮಾಡ್ಸುಕೆ ನಂಗೆ ಮನಸಿಲ್ಲೆ.”

“ಕೂಲಿ ಕೊಡಿ.”

“ಎಷ್ಟ್?”

“ಮೊದಲನೇ ಸಾಲ್ ನೀವ್ ಎತ್ತಿ. ನಾಲ್ಕೈದ್ ತಿಂಗಳಿಂದ ನಮ್ ಭಜನೆ ಕೇಂಬುಕೆ ಆತಿಲ್ಲೆ.”

ಅವರಿಗೆ ನಗು ಬಂತು, ಈ ಸಲ ನಿಜವಾದದ್ದು. “ಹಾಡದೆ ಹಾಡದೆ ದನಿ ಕಟ್ಟಿತ್ ನಂದ್. ಕಾಂಬ.”

ಕೈ ಈಗಲೂ ತುರಿಸುತ್ತಿದೆ. ನಾಳೆ ಶ್ರಾವ್ಯಳೇ ಸೂಜಿ ಹಿಡಿಯಲಿ, ಕಲಿಯಬೇಕಲ್ಲ.

ಆಗಸ್ಟ್ 23, ಶನಿವಾರ

ಚೌತಿಗೆ ಇನ್ನು ಎಷ್ಟು ದಿನ! ಚಕ್ಕುಲಿ ಆರ್ಡರ್ ರಾಶಿ. ಟೀಚರ್ ಬಂದರು, ಚಂದ್ರಮತಿ ಬಂದಳು. ಟೀಚರ್ ಒತ್ತಿದ ಚಕ್ಕುಲಿ ಒಂದೂ ದುಂಡಗಿಲ್ಲ. ಸರೋಜಕ್ಕ ಮುಲಾಜಿಲ್ಲದೆ ಮತ್ತೆ ಒತ್ತಿಸಿದರು. ಇಲ್ಲಿ ಅವರೇ ಅಧ್ಯಕ್ಷೆ.

ಸಂಜೆ ಆಟೋದಲ್ಲಿ ಪದ್ಮಾಕ್ಷಕ್ಕ. ಮೊಣಕಾಲು ಹಿಡಿದುಕೊಂಡು ಇಳಿದರು. “ಕೀ ಗಿರಣಿಯವ್ರಿಗೆ ಕೊಟ್ ಬಂದೆ” ಎಂದರು. ಇಪ್ಪತ್ತು ವರ್ಷದ ಕೋಣೆ.

ಅವರು ಅಂಗಳದಲ್ಲೇ ನಿಂತು ಸರೋಜಕ್ಕನನ್ನು ಕೇಳಿದರು: “ನಿಮ್ ಜಗಲಿಯಂಗೆ ಶನಿವಾರ ನಾಲ್ಕ್ ಚಾಪಿ ಹಾಸುಕೆ ಜಾಗ ಇತ್ತಾ? ಇಲ್ಲೆ ಅಂದ್ರೂ ಬೇಜಾರಿಲ್ಲೆ. ಹೇಳಿ.”

ಸರೋಜಕ್ಕ ಎಣ್ಣೆಯ ಕೈ ಸೆರಗಿಗೆ ಒರೆಸಿಕೊಂಡರು. ಒಳಗೆ ಹೋಗಿ ಕುರ್ಚಿ ತಂದರು. “ನಿಮ್ಗೆ ಚಾಪಿ ಆತಿಲ್ಲೆ. ಇದ್ರ ಮೇಲೆ ಕೂಕಣಿ. ಕೂತಲ್ಲೇ ಉದ್ದಿನ ಕಲ್ಲ್ ಹೆಕ್ಕಿ.”

ಇವತ್ತೂ ಸರೋಜಕ್ಕ ಹಾಡಲಿಲ್ಲ. ಕಾಯಲು ತಯಾರಿದ್ದೇನೆ.

ಅಕ್ಟೋಬರ್ 18, ಶನಿವಾರ. ಮಧ್ಯಾಹ್ನ

ಎಷ್ಟು ದಿನವಾಯಿತು ಬರೆಯದೆ. ಸೋಣೆ ತಿಂಗಳು ಹೋಯಿತು, ನವರಾತ್ರಿ ಹೋಯಿತು. ಶನಿವಾರ ಒಂದೂ ತಪ್ಪಿಸಲಿಲ್ಲ. ಊರಲ್ಲಿ ಜ್ವರ ಇಳಿದಿದೆ, ಲ್ಯಾಬಿನಲ್ಲಿ ಇನ್ನು ಸ್ವಲ್ಪ ಉಸಿರು. ಬೋರ್ಡ್ ಕಿತ್ತು ಹಾಕಿದೆ. ಶನಿವಾರ ಸಂಜೆ ಶ್ರಾವ್ಯ ಒಬ್ಬಳೇ ನೋಡಿಕೊಳ್ಳುತ್ತಾಳೆ. “ಅವ್ಳ್ ಕೈ ನಿನ್ನ ಕೈಗಿಂತ ಹಗೂರ” ಎಂದು ಶಾಮರಾಯರು ನನ್ನೆದುರೇ ಹೇಳಿದರು. ಹೇಳಲಿ.

ಸರೋಜಕ್ಕನ ಜಗಲಿ. ಎಲ್ಲರಿಗಿಂತ ಮೊದಲು ಬಂದೆ, ಬೆಲ್ಲ ಪಾಕಕ್ಕೆ ಬರುವ ತನಕ ಬರೆಯುತ್ತಿದ್ದೇನೆ. ದೀಪಾವಳಿಗೆ ಉಂಡೆ ಕಟ್ಟಬೇಕು. ಮಾಡಿದವರಿಗೆಲ್ಲ ಮನೆಗೊಂದು ಪೊಟ್ಟಣ, ಬೇಡ ಎನ್ನುವಂತಿಲ್ಲ. ಅದು ಸರೋಜಕ್ಕನ ಕಾನೂನು. ಪೊಟ್ಟಣಕ್ಕೂ ಬಾಳೆನಾರು, ಅದೇ ಗಂಟು. ನನಗೆ ಇನ್ನೂ ಹಾಕಲು ಬರುವುದಿಲ್ಲ.

ಒಬ್ಬೊಬ್ಬರೇ ಬಂದರು. ಚಪ್ಪಲಿ ಮೆಟ್ಟಿಲ ತುಂಬ. ಪದ್ಮಾಕ್ಷಕ್ಕ ಕುರ್ಚಿಯಲ್ಲಿ. ಟೀಚರ್ ಏನೋ ಹೇಳಿ ಚಂದ್ರಮತಿಯನ್ನು ಗೋಳು ಹೊಯ್ಯುತ್ತಿದ್ದಾರೆ.

ಅಂಗಳದ ಒಲೆಯ ಕಡೆ ಸೌಟಿನ ಸದ್ದು ನಿಂತಿದೆ. ಪಾಕ ಆಯಿತೇನೋ...

ಅಲ್ಲ. ಹಾಡು. ಒಲೆಯ ಮುಂದಿನಿಂದಲೇ ಎತ್ತಿದರು, ಹೇಳದೆ ಕೇಳದೆ. ದನಿ ಒಡೆಯಿತು. ಕೆಮ್ಮಿದರು. ಮತ್ತೆ ಮೊದಲಿಂದ ಎತ್ತಿದರು. ಜಗಲಿಯಲ್ಲಿ ಯಾರೂ ಮಿಸುಕುತ್ತಿಲ್ಲ. ಚಂದ್ರಮತಿ ಅಳುತ್ತಿದ್ದಾಳೆ. ನಾನೂ.

ಮೊದಲ ಸಾಲು ಮುಗಿಯುತ್ತಾ ಬಂತು. ಎರಡನೆಯದು ನಾವು ಎತ್ತಬೇಕು. ಪದ್ಮಾಕ್ಷಕ್ಕ ನನ್ನ ಕಡೆಯೇ ನೋಡುತ್ತಿದ್ದಾರೆ, ಪೆನ್ನು ಕೆಳಗಿಡು ಎಂದು —